ವಾಗೆನಿಂಗನ್ ಓದು ಮುಗೀತು

ನೆದರ್ಲೆಂಡ್ಸ್‌ನ ವಾಗೆನಿಂಗನ್ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮುಗಿಸಿ ಮಂಡ್ಯಕ್ಕೆ ಬಂದಾಯಿತು. ಖುಷಿ ಇದೆ, ಆದ್ರೆ ಮನಸ್ಸು ಇನ್ನೂ ಪೂರ್ತಿ ಬಂದಿಲ್ಲ. ಚಳಿ, ಸೈಕಲ್, ಜೂನ್‌ನಲ್ಲಿ ರಾತ್ರಿ 10ರವರೆಗೂ ಇರುವ ಬೆಳಕು, ಎಲ್ಲಾ ನೆನಪಾಗುತ್ತೆ. ಹಾಸ್ಟೆಲ್ ಅಡುಗೆಮನೆಯಲ್ಲಿ ಇಥಿಯೋಪಿಯಾದ ಗೆಳತಿ ಮಾಡುತ್ತಿದ್ದ ಇಂಜೆರಾ ಅಂತೂ ನಮ್ಮ ದೋಸೆ ಹಾಗೇ ಹದವಾಗಿ ಹುಳಿ ಬಂದಿರುತ್ತಿತ್ತು.

ಜಾಸ್ತಿ ಕಾಡುತ್ತಿರುವುದು ನೀರಿನ ವಿಚಾರ. ಆ ದೇಶದ ಸುಮಾರು ಕಾಲು ಭಾಗ ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ನಮಗೆ ನೀರು ಬಂದರೆ ಸಾಕು, ಅವರಿಗೆ ಹೋದರೆ ಸಾಕು. ಅದಕ್ಕೇ 13ನೇ ಶತಮಾನದಿಂದಲೂ ನೀರಿನ ಮಂಡಳಿಗಳಿವೆ. ಇವತ್ತಿಗೂ ಅವಕ್ಕೆ ಬೇರೆಯೇ ಚುನಾವಣೆ, ಬೇರೆಯೇ ತೆರಿಗೆ. ಎಷ್ಟು ಒಳ್ಳೆ ವ್ಯವಸ್ಥೆ ಅಲ್ವಾ?

ನಿನ್ನೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಹತ್ತಿರ ಅಪ್ಪನಿಗೆ ಇದನ್ನೆಲ್ಲ ಹೇಳುತ್ತಿದ್ದೆ. ತೂಬಿನ ಬಾಯಿಗೆ ಸಿಕ್ಕಿದ್ದ ಕಬ್ಬಿನ ತರಗನ್ನು ಕಾಲಲ್ಲಿ ತಳ್ಳುತ್ತಾ ಕೇಳುತ್ತಿದ್ದರು. ಆಮೇಲೆ, "ಅಂಗಾರೆ ನಾಲೆ ಕೊನೇಲಿರೋರ್ಗೂ ಓಟ್ ಅದಾ?" ಅಂದರು.

"ಅದೆ ಅಪ್ಪ."

ಅವರು ಕೇಳಿದ್ದು ನಮ್ಮ ಕ್ಲಾಸಿನಲ್ಲಿ ಗಂಟೆಗಟ್ಟಲೆ ಚರ್ಚೆ ಆಗಿದ್ದ ಪ್ರಶ್ನೆಯೇ. ಹೆಮ್ಮೆ ಆಯಿತು.

ನಾಲೆ ನೀರಾವರಿಗೆ ಸಂಬಂಧಪಟ್ಟ ಕೆಲಸವನ್ನೇ ಮೈಸೂರು, ಮಂಡ್ಯ ಕಡೆ ಹುಡುಕುತ್ತಿದ್ದೇನೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.