ಅಡಿಕೆ ಹಾಳೆಯೂ ದೆಹಲಿ ಕ್ಯಾಂಪೂ

ನಮ್ಮ ಎನ್.ಸಿ.ಸಿ. ಸರ್ ಈ ಮಳೆಗಾಲದಲ್ಲಿ ತೀರಿಕೊಂಡರು. ಅವರ ಬಗ್ಗೆ ಬರೆದುಕೊಡಿ ಎಂದು ಕಾಲೇಜು ಸಂಚಿಕೆಯ ಮಕ್ಕಳು ಕೇಳಿದ್ದಾರೆ. ಅವರು ನಮಗೆ ಅಕೌಂಟೆನ್ಸಿ ಕಲಿಸುತ್ತಿದ್ದರು. ಅದರಲ್ಲಿ ಒಂದಕ್ಷರವೂ ಈಗ ತಲೆಯಲ್ಲಿಲ್ಲ. ಉಳಿದಿರುವುದು ಕೆಸರಿನ ಮೈದಾನ, ಬೂಟಿನೊಳಗೆ ಹತ್ತುತ್ತಿದ್ದ ಜಿಗಣೆ, ಮತ್ತೆ ರಿಪಬ್ಲಿಕ್ ಡೇ ಕ್ಯಾಂಪಿನ, ಅಂದರೆ ಗಣರಾಜ್ಯೋತ್ಸವಕ್ಕೆ ದೆಹಲಿಯಲ್ಲಿ ನಡೆಯುವ ಎನ್.ಸಿ.ಸಿ. ಶಿಬಿರದ ಸೆಲೆಕ್ಷನ್.

ತೊಂಬತ್ತರ ದಶಕದ ಮಾತು. ಜನವರಿಯ ದೆಹಲಿಗೆ ಮಳೆಗಾಲದಲ್ಲೇ ಜರಡಿ ಹಿಡಿಯುತ್ತಿದ್ದರು. ಮೊದಲು ಕಾಲೇಜು, ಆಮೇಲೆ ಮಡಿಕೇರಿಯ 19ನೇ ಬೆಟಾಲಿಯನ್, ಅಲ್ಲಿಂದ ಮಂಗಳೂರು ಗ್ರೂಪ್, ಕೊನೆಗೆ ಬೆಂಗಳೂರು. ಕರ್ನಾಟಕ, ಗೋವಾ ಎರಡೂ ಸೇರಿ ಒಂದೇ ಡೈರೆಕ್ಟರೇಟ್. ಪ್ರತಿ ಹಂತದಲ್ಲೂ ಒಂದಷ್ಟು ಜನ ಟ್ರಂಕ್ ಎತ್ತಿಕೊಂಡು ಊರಿಗೆ ವಾಪಸ್.

ಡ್ರಿಲ್ ಚೆನ್ನಾಗಿದ್ದರೆ ಸಾಕು ಅಂತ ನಾವು ಅಂದುಕೊಂಡಿದ್ದೆವು. ರಾಜಪಥದಲ್ಲಿ ನಡೆಯುವ ತುಕಡಿಗೆ ಡ್ರಿಲ್ ಜೊತೆ ಎತ್ತರವೂ ಬೇಕು. ಬೆಸ್ಟ್ ಕೆಡೆಟ್ ಆಗಬೇಕಾದರೆ ಬರೆಯುವ ಪರೀಕ್ಷೆ, ಗ್ರೂಪ್ ಡಿಸ್ಕಷನ್, ಇಂಟರ್‌ವ್ಯೂ, ಫೈರಿಂಗ್ ಎಲ್ಲಾ ಉಂಟು. ಹಾಡು, ಕುಣಿತದವರ ಸಾಲೇ ಬೇರೆ.

ಫೈರಿಂಗ್ ಅಂದರೆ ನಮ್ಮ ಹುಡುಗರಿಗೆ ಎಲ್ಲಿಲ್ಲದ ಗತ್ತು. ಮನೆಯಲ್ಲಿ ಕೋವಿ ಇದ್ದವರು, ಕೊಡಗಿನ ಆಯುಧ ಹಬ್ಬ ಕೈಲ್‌ಪೊಳ್ದಿಗೆ ತೆಂಗಿನಕಾಯಿಗೆ ಗುರಿಯಿಟ್ಟು ಒಡೆದವರು. ಆದರೆ ಇಲ್ಲಿ .22 ರೈಫಲ್ ಹಿಡಿದು ಮಲಗಿ ಐದು ಗುಂಡು ಹೊಡೆಯಬೇಕು. ಐದೂ ಎಷ್ಟು ಒತ್ತೊತ್ತಾಗಿ ಬಿದ್ದಿವೆ ಅನ್ನುವುದೇ ಲೆಕ್ಕ. ಅದಕ್ಕೆ ಗ್ರೂಪಿಂಗ್ ಅನ್ನುತ್ತಾರೆ. ಕೋವಿ ಮುಟ್ಟಿಯೇ ಇರದ ಸೋಮವಾರಪೇಟೆ ಕಡೆಯ ಹುಡುಗಿಯೊಬ್ಬಳ ಗ್ರೂಪಿಂಗ್ ಎಲ್ಲರಿಗಿಂತ ಚಿಕ್ಕದು. ಕೋವಿ ಮನೆಯವರದ್ದೆಲ್ಲ ಚೆಲ್ಲಾಪಿಲ್ಲಿ. ಎರಡನೆಯದು ನನ್ನದು, ಅದನ್ನೂ ಹೇಳಿಬಿಡುತ್ತೇನೆ.

ನನ್ನ ಗೆಳೆಯನೊಬ್ಬನಿಗೆ ರಾಜಪಥದ ಹುಚ್ಚು. ಎತ್ತರ ಮಾತ್ರ ಸಾಲದು. ಅಡಿಕೆ ಹಾಳೆಯನ್ನು ಹಿಮ್ಮಡಿಯ ಅಳತೆಗೆ ಕತ್ತರಿಸಿ ಸಾಕ್ಸ್ ಒಳಗೆ ಮೂರು ಪದರ ಇಟ್ಟುಕೊಂಡು ಬಂದ. ಕತ್ತರಿಸಿಕೊಟ್ಟವನು ನಾನೇ, ಕೆಲಸ ನೀಟಾಗಿಯೇ ಇತ್ತು. ಎತ್ತರ ಅಳೆಯಲು ಬೂಟು ಬಿಚ್ಚಿಸಿ ಗೋಡೆಗೆ ನಿಲ್ಲಿಸಿದರು. ಬೆಳಿಗ್ಗೆಯಿಂದ ಮಳೆಯಲ್ಲಿ ಡ್ರಿಲ್ ಮಾಡಿ ಹಾಳೆ ನೆನೆದು ಜಾರುತ್ತಿತ್ತು. 'ಸಾವಧಾನ್' ಅಂದದ್ದೇ ತಡ, ಇವನು ಹಿಮ್ಮಡಿ ಜೋಡಿಸಿದ, ಒಂದು ತುಂಡು ಸಾಕ್ಸಿನ ಬಾಯಿಂದ ಹೊರಗೆ ಇಣುಕಿತು. ಡ್ರಿಲ್ ಕಲಿಸುವ ಉಸ್ತಾದ್ ಅದನ್ನು ಎಳೆದು, "ಯೇ ಕ್ಯಾ ಹೈ?" ಅಂದರು. ಇವನು ಕಣ್ಣು ಮಿಟುಕಿಸದೆ, "ಕಾಲುನೋವಿಗೆ ಔಷಧಿ, ಸಾಬ್" ಅಂದ. ರೈಫಲ್ ತಲೆಯ ಮೇಲೆ ಹೊರಿಸಿ ಮೈದಾನ ಸುತ್ತಿಸಿದರು, ಕತ್ತಲಾಗುವ ತನಕ.

ಸರ್ ಬೈಯಲಿಲ್ಲ. ಮಾರನೇ ದಿನ ನಮ್ಮ ಕೊಡಗಿನ ಪುಟ್ಟ ಚರ್ಮವಾದ್ಯ ದುಡಿಯೊಂದನ್ನು ತಂದು ಅವನ ಕೈಗಿಟ್ಟರು. "ನಿಮ್ಮ ಮನೆ ಮದುವೇಲಿ ನೋಡಿದ್ದೇನೆ ನೀನು ಬಾರಿಸೋದನ್ನ. ಇದಕ್ಕೆ ಯಾರೂ ಟೇಪ್ ಹಿಡಿಯೋದಿಲ್ಲ ಮಾರಾಯ." ಅವನು ಕಲ್ಚರಲ್ ತಂಡದಲ್ಲಿ ದೆಹಲಿಗೆ ಹೋಗಿಯೇಬಿಟ್ಟ!

ಕುಳ್ಳನಾದ ನನ್ನನ್ನು ಫ್ಲಾಗ್ ಏರಿಯಾಕ್ಕೆ ಹಾಕಿದರು. ನೆಲದ ಮೇಲೆ ನಮ್ಮ ರಾಜ್ಯದ ಮಾದರಿ ಮಾಡಿಟ್ಟು, ನೋಡಲು ಬಂದ ಅತಿಥಿಗಳಿಗೆ ವಿವರಿಸುವ ಕೆಲಸ. ಸರ್ ಮೈದಾನದ ಆ ತುದಿಯಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದರು. ನಾನು ಈ ತುದಿಯಿಂದ ತಲಕಾವೇರಿಯಲ್ಲಿ ಶುರುಮಾಡಿ ಹಿಂದಿಯಲ್ಲಿ ಕೂಗಬೇಕು. ಕೇಳಿಸದಿದ್ದರೆ ಕೊಡೆ ಎತ್ತುವರು, ಮತ್ತೆ ಮೊದಲಿಂದ. ಬೆಂಗಳೂರಿನವರೆಗೆ ಹೋದೆ, ರಿಸರ್ವ್ ಆದೆ. ಆಯ್ಕೆಯಾದವನ ಹಿಂದಿ ನನ್ನದಕ್ಕಿಂತ ಭಾರಿ ಏನಿರಲಿಲ್ಲ. ಜೊತೆಗಿದ್ದವರು ಈಗಲೂ ಹಾಗೇ ಹೇಳುತ್ತಾರೆ.

ದೆಹಲಿಯಲ್ಲಿ ಈ ಕ್ಯಾಂಪ್ ನಡೆಯುವ ಮೈದಾನಕ್ಕೆ ಈಗ ನಮ್ಮ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿದೆ. ರಾಜಪಥ 2022ರಲ್ಲಿ ಕರ್ತವ್ಯ ಪಥ ಆಯಿತು. ಎನ್.ಸಿ.ಸಿ.ಯನ್ನೇ ಒಂದು ವಿಷಯವಾಗಿ ತೆಗೆದುಕೊಂಡು ಕ್ರೆಡಿಟ್ ಪಡೆಯಲೂ ಅವಕಾಶ ಬಂತು. ಸಂತೋಷವೇ. ಆದರೆ ಮಕ್ಕಳನ್ನು ಮಾತಾಡಿಸಿದರೆ ಮೊದಲು ಕೇಳುವುದು ಎನ್.ಸಿ.ಸಿ.ಯ ಕೊನೆಯ ಪರೀಕ್ಷೆಯ 'ಸಿ' ಸರ್ಟಿಫಿಕೇಟಿನಿಂದ ಏನು ಲಾಭ ಅಂತ. ಡ್ರಿಲ್ ನೋಡಿ ಕಲಿಯುವುದು ಮೊಬೈಲಿನಲ್ಲಿ. ಇಂಟರ್ನಲ್ಸ್ ಇದೆ ಎಂದು ಸಂಜೆ ಐದಕ್ಕೇ ಮೈದಾನ ಖಾಲಿ. ಯಾರ ಮನೆಯ ಮದುವೆಯಲ್ಲಿ ಯಾರು ದುಡಿ ಬಾರಿಸಿದರು ಎಂದು ನೋಡಿಟ್ಟುಕೊಳ್ಳಲು ಮೇಷ್ಟ್ರಿಗಾದರೂ ಪುರುಸೊತ್ತು ಎಲ್ಲಿದೆ, ಅಲ್ವಾ?

ಈ ಸಲ ಫ್ಲಾಗ್ ಏರಿಯಾಕ್ಕೆ ಪ್ರಯತ್ನಿಸುವವರು ಇದ್ದರೆ ಭಾನುವಾರ ನಮ್ಮ ತೋಟಕ್ಕೆ ಬನ್ನಿ. ಹಿಂದಿ ತಿದ್ದಿಕೊಡುತ್ತೇನೆ, ಕೊಡೆಯೂ ಇದೆ. ಕಾಫಿ ಕುಯ್ಲು ಶುರುವಾಗುವ ಮುಂಚೆ ಬಂದರೆ ಒಳ್ಳೆಯದು.