ಬ್ರೆನ್‌ನ ನೆರಳಿನಲ್ಲಿ ಉಳಿದ ವಿಕರ್ಸ್-ಬರ್ತಿಯೇ

ಎರಡನೇ ಮಹಾಯುದ್ಧದ ಭಾರತೀಯ ಸೈನಿಕರ ಹಳೆಯ ಚಿತ್ರಗಳಲ್ಲಿ ಕಾಣುವ ಲಘು ಮಷಿನ್‌ಗನ್‌ಗಳನ್ನೆಲ್ಲ ಬ್ರೆನ್ ಎಂದೇ ಕರೆಯುವುದು ರೂಢಿಯಾಗಿದ್ದರೂ, ಅವುಗಳಲ್ಲಿ ಕೆಲವು ವಾಸ್ತವವಾಗಿ ವಿಕರ್ಸ್-ಬರ್ತಿಯೇ. ಫ್ರಾನ್ಸಿನ ಅಡಾಲ್ಫ್ ಬರ್ತಿಯೇ ರೂಪಿಸಿದ ಈ ಗನ್ನಿನ ತಯಾರಿಕೆಯ ಹಕ್ಕನ್ನು ಬ್ರಿಟನ್ನಿನ ವಿಕರ್ಸ್ ಕಂಪನಿ 1925ರಲ್ಲಿ ಕೊಂಡುಕೊಂಡಿತು. 1930ರ ದಶಕದ ಪರೀಕ್ಷೆಗಳಲ್ಲಿ ಬ್ರಿಟಿಷ್ ಸೇನೆ ಜೆಕ್ ಮೂಲದ ಬ್ರೆನ್ ಕಡೆಗೆ ವಾಲಿತು. ಆದರೆ ಅಷ್ಟರಲ್ಲಾಗಲೇ, 1933ರಲ್ಲಿ, ಭಾರತೀಯ ಸೇನೆ ವಿಕರ್ಸ್-ಬರ್ತಿಯೇಯನ್ನು ಆಯ್ದುಕೊಂಡಿತ್ತು, ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆಯಲ್ಲಿ ಅದರ ತಯಾರಿಕೆಯೂ ನಡೆಯಿತು.

ಬ್ರೆನ್, ವಿಕರ್ಸ್-ಬರ್ತಿಯೇ ಎರಡೂ ಗುಂಡು ಹಾರಿದಾಗ ಹುಟ್ಟುವ ಅನಿಲದ ಒತ್ತಡದಿಂದಲೇ ನಡೆಯುತ್ತವೆ. ಎರಡರಲ್ಲೂ 30 ಗುಂಡುಗಳ ಮ್ಯಾಗಜೀನ್ ಮೇಲ್ಭಾಗದಲ್ಲಿರುತ್ತದೆ. ಇವು ಬಳಸುವ .303 ಇಂಚಿನ ಗುಂಡಿನ ಬುಡದಲ್ಲಿ ಹೊರಚಾಚಿದ ಅಂಚು ಇರುವುದರಿಂದ, ಒಂದರ ಮೇಲೊಂದು ಜೋಡಿಸಿದಾಗ ಸಾಲು ತಾನಾಗಿಯೇ ಬಾಗುತ್ತದೆ. ಮ್ಯಾಗಜೀನಿನ ಬಾಳೆಕಾಯಿಯಂಥ ಬಾಗಿಗೆ ಅದೇ ಕಾರಣ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ವಿಕರ್ಸ್-ಬರ್ತಿಯೇಯ ವಿನ್ಯಾಸದಿಂದ ವಿಮಾನಗಳಿಗಾಗಿ ಬೆಳೆಸಿದ ವಿಕರ್ಸ್ ಕೆ ಎಂಬ ಮಷಿನ್‌ಗನ್. ವಿಮಾನಗಳಲ್ಲಿ ಬೇಡಿಕೆ ಕುಗ್ಗಿದ ಮೇಲೆ, ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಬ್ರಿಟನ್ನಿನ ವಿಶೇಷ ದಾಳಿ ಪಡೆಯಾದ ಎಸ್‌ಎಎಸ್ ಅದನ್ನು ತನ್ನ ಜೀಪುಗಳಿಗೆ ಜೋಡಿಜೋಡಿಯಾಗಿ ಅಳವಡಿಸಿ, ಶತ್ರುವಿನ ವಿಮಾನನೆಲೆಗಳ ಮೇಲೆ ದಾಳಿ ನಡೆಸಿತು.