ಮಂಡಿಯ ಬಿಸಿಲಲ್ಲಿ ತೆರೆದು ನೋಡಿ

ವೆಬ್‌ಸೈಟ್ ಟೆಸ್ಟಿಂಗ್ ಅಂದರೆ ನಮ್ಮ ಕಡೆ ಬಹಳ ಮಂದಿ ಮಾಡುವುದು ಇಷ್ಟೇ. ಲ್ಯಾಪ್‌ಟಾಪಿನಲ್ಲಿ ಕ್ರೋಮ್ ತೆರೆಯುತ್ತಾರೆ, ವಿಂಡೋವನ್ನು ಮೊಬೈಲ್ ಅಗಲಕ್ಕೆ ಎಳೆಯುತ್ತಾರೆ, ಚೆನ್ನಾಗಿ ಕಾಣಿಸ್ತಿದೆ ಅಂತ ಲಿಂಕ್ ಕಳಿಸಿಬಿಡುತ್ತಾರೆ. ಆ ಪುಟವನ್ನು ಯಾರು, ಎಲ್ಲಿ ನಿಂತು, ಯಾವ ಫೋನಿನಲ್ಲಿ ತೆರೆಯುತ್ತಾರೆ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ನನಗೆ ಈ ವಿಷಯದಲ್ಲಿ ಸ್ವಲ್ಪ ಜಾಸ್ತಿನೇ ಹಠ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ನಡೆಸುವ ಪರಿಚಯದವರೊಬ್ಬರು ದಿನದ ರೇಟು ಹಾಕೋಕೆ ಯಾರ ಕೈಲೋ ಒಂದು ಪುಟ ಮಾಡಿಸಿದ್ದರು. 15 ಕೆಜಿ ಬಾಕ್ಸಿಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಅಷ್ಟೇ ಅದರಲ್ಲಿ ಇರಬೇಕಾದದ್ದು. ಆದರೂ ರೈತರು ಮೊದಲಿನ ಹಾಗೆ ಫೋನ್ ಮಾಡಿಯೇ ರೇಟು ಕೇಳುತ್ತಿದ್ದರು. ಏನಾಗಿದೆ ಒಂದ್ಸಲ ನೋಡಪ್ಪಾ ಅಂತ ನನ್ನನ್ನು ಕರೆದರು. ಹರಾಜಿನ ಹೊತ್ತಿಗೇ ಹೋದೆ. ಬಾಕ್ಸ್ ಇಳಿಸಿ ನಿಂತಿದ್ದ ಒಬ್ಬ ಹಿರಿಯರ ಫೋನಿನಲ್ಲೇ ಪುಟ ತೆರೆಸಿದೆ. ಅವರು ಪರದೆಗೆ ಕೈ ಅಡ್ಡ ಹಿಡಿದರು, ಫೋನನ್ನು ಆ ಕಡೆ ಈ ಕಡೆ ವಾಲಿಸಿದರು, ಎರಡು ಬೆರಳಿಟ್ಟು ದೊಡ್ಡದು ಮಾಡಲು ನೋಡಿದರು. ಪುಟ ಜಗ್ಗಲಿಲ್ಲ. "ಏನೂ ಕಾಣಲ್ಲ ಕಣಪ್ಪಾ, ನೀನೇ ಓದಿ ಹೇಳು" ಅಂದರು.

ಅವರ ಕಣ್ಣಲ್ಲಿ ಏನೂ ತಪ್ಪಿಲ್ಲ. ಬಿಳಿ ಹಿನ್ನೆಲೆ ಮೇಲೆ ರೇಟು ತಿಳಿ ಬೂದು ಬಣ್ಣದಲ್ಲಿತ್ತು, ಕೋಡಿನಲ್ಲಿ #999. ಬಿಳಿಗೂ ಅದಕ್ಕೂ ಇರುವ ಕಾಂಟ್ರಾಸ್ಟ್, ಅಂದರೆ ಹೊಳಪಿನ ಅಂತರ, 3:1 ಕೂಡ ಆಗುವುದಿಲ್ಲ. ವೆಬ್‌ಗೆ ನಿಯಮ ಮಾಡುವ ಡಬ್ಲ್ಯೂ3ಸಿ ಸಂಸ್ಥೆಯ ಆಕ್ಸೆಸಿಬಿಲಿಟಿ (ಪುಟ ಎಲ್ಲರಿಗೂ ಬಳಸಲು ಬರಬೇಕು ಅನ್ನುವ) ಮಾನದಂಡ ಡಬ್ಲ್ಯೂಸಿಎಜಿ ಇದೆಯಲ್ಲ, ಅದರ 2.0 ಆವೃತ್ತಿ 2008ರಲ್ಲೇ ಬಂತು, ಮಾಮೂಲಿ ಅಕ್ಷರಕ್ಕೆ ಕನಿಷ್ಠ 4.5:1 ಇರಬೇಕು ಅಂತ ಆಗಲೇ ಹೇಳಿದೆ. ಆ ಅಂಕಿಯನ್ನು ಯಾರೋ ಸುಮ್ನೆ ಬರೆದದ್ದಲ್ಲ. ಸುಮಾರು 80 ವರ್ಷದ ಹಿರಿಯರಿಗೆ ಸಾಮಾನ್ಯವಾಗಿ ಇರುವಷ್ಟು ದೃಷ್ಟಿಯನ್ನು ಲೆಕ್ಕಕ್ಕೆ ಹಿಡಿದು ಹಾಕಿದ ಅಂಕಿ ಅದು. ಬೂದು ಬಣ್ಣವೇ ಬೇಕು ಅಂದರೆ #767676 ಇಟ್ಟರೆ ಬಿಳಿ ಮೇಲೆ ಹೆಚ್ಚುಕಡಿಮೆ ಸರಿಯಾಗಿ ಪಾಸಾಗುತ್ತದೆ. ಬಿಸಿಲಲ್ಲಿ ಓದುವ ಪುಟಕ್ಕೆ ನಾನು ಅದನ್ನೂ ಹಾಕುವುದಿಲ್ಲ, ಕಪ್ಪೇ ಹಾಕುತ್ತೇನೆ. ಇನ್ನು ಜೂಮ್ ಆಗದಿದ್ದದ್ದು ಯಾಕೆ ಅಂದರೆ, ಪುಟ ಪರದೆಗೆ ಹೇಗೆ ಹೊಂದಬೇಕು ಅಂತ ಹೇಳುವ ವ್ಯೂಪೋರ್ಟ್ ಸಾಲಿನಲ್ಲಿ ಜೂಮ್ ಬೇಡ ಅಂತ ಬರೆದಿಟ್ಟಿದ್ದರು. ಅಕ್ಷರ 200% ತನಕ ದೊಡ್ಡದಾದರೂ ಪುಟ ಕೆಡಬಾರದು ಅನ್ನುತ್ತದೆ ಅದೇ ಮಾನದಂಡ. ಇಲ್ಲಿ ದೊಡ್ಡದು ಮಾಡುವ ದಾರಿಯನ್ನೇ ಮುಚ್ಚಿದ್ದರು. ಡಿಸೈನ್ ಕೆಡದಿರಲಿ ಅಂತ ಜೂಮ್ ನಿಲ್ಲಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಇನ್ನೊಂದು ಕನ್ನಡದ್ದೇ ತೊಂದರೆ. "ಕನಿಷ್ಠ", "ಗರಿಷ್ಠ" ಎರಡರಲ್ಲೂ ಷಕಾರದ ಕೆಳಗಿನ ಒತ್ತು ಅರ್ಧ ಕತ್ತರಿಸಿಹೋಗಿತ್ತು. ಇಂಗ್ಲಿಷ್ ಟೆಂಪ್ಲೇಟ್ ತಂದು ಲೈನ್-ಹೈಟ್ (ಸಾಲಿನ ಎತ್ತರ ಅಕ್ಷರದ ಅಳತೆಯ ಎಷ್ಟು ಪಟ್ಟು ಅನ್ನುವುದು) 1.2 ಹಾಗೇ ಬಿಟ್ಟು, ಸಾಲಿಗೆ ಇಷ್ಟೇ ಎತ್ತರ ಅಂತ ಪಿಕ್ಸೆಲ್‌ನಲ್ಲಿ ಕಟ್ಟಿ ಹಾಕಿ, ಮೀರಿದ್ದನ್ನು ಮರೆಮಾಡು ಅಂದರೆ ಹೀಗೇ ಆಗುವುದು. "ರಾಷ್ಟ್ರ" ಥರದ ಪದದಲ್ಲಿ ಒಂದಲ್ಲ, ಎರಡು ಒತ್ತು ನೇತಾಡುತ್ತವೆ. ಎತ್ತರ ಕಟ್ಟಬೇಡಿ, ಲೈನ್-ಹೈಟ್ 1.6ರ ಆಸುಪಾಸು ಇಡಿ.

ಹಳೇ ಫೋನಿನ ವಿಷಯ ಇದಕ್ಕಿಂತ ದೊಡ್ಡದು. ಆಂಡ್ರಾಯ್ಡ್ 7 ಇರುವ ಫೋನಿನಲ್ಲಿ ಕ್ರೋಮ್ 119ಕ್ಕೇ ನಿಂತುಹೋಗಿದೆ, ಆಮೇಲಿನ ಆವೃತ್ತಿ ಅದಕ್ಕೆ ಬರುವುದಿಲ್ಲ. ಲೈಟ್ ಅಥವಾ ಡಾರ್ಕ್ ಥೀಮಿಗೆ ತಕ್ಕ ಬಣ್ಣ ಆರಿಸುವ ಲೈಟ್-ಡಾರ್ಕ್ ಫಂಕ್ಷನ್ ಬಂದದ್ದು 123ರಲ್ಲಿ, ಪುಟದ ಒಂದು ಭಾಗವನ್ನು ಇನ್ನೊಂದರ ಪಕ್ಕಕ್ಕೆ ಕಟ್ಟಿ ನಿಲ್ಲಿಸುವ ಆ್ಯಂಕರ್ ಪೊಸಿಷನಿಂಗ್ 125ರಲ್ಲಿ. ಹಾಗಂತ ಹೊಸದನ್ನು ಬಳಸಲೇಬಾರದು ಅಂತಲ್ಲ. ಪುಟದ ಬಣ್ಣ, ಅಳತೆ ಹೇಳುವ ಸಿಎಸ್‌ಎಸ್‌ನಲ್ಲಿ ಬ್ರೌಸರಿಗೆ ಗೊತ್ತಿಲ್ಲದ ಸಾಲು ಸಿಕ್ಕರೆ ಅದೊಂದನ್ನು ಬಿಟ್ಟು ಮುಂದೆ ಹೋಗಬೇಕು ಅಂತ ಸ್ಟ್ಯಾಂಡರ್ಡ್‌ನಲ್ಲೇ ಇದೆ. ಅದಕ್ಕೇ ಮೊದಲು ಸಾದಾ ಬಣ್ಣ, ಅದರ ಕೆಳಗೆ ಹೊಸ ಫಂಕ್ಷನ್ ಬರೆದರೆ ಹಳೇ ಫೋನಿಗೆ ಹಳೇದು, ಹೊಸದಕ್ಕೆ ಹೊಸದು. ಪುಟದಲ್ಲಿ ಓಡುವ ಪ್ರೋಗ್ರಾಂ ಬರೆಯುವ ಜಾವಾಸ್ಕ್ರಿಪ್ಟ್ ಹಾಗಲ್ಲ. ಗೊತ್ತಿಲ್ಲದ ವ್ಯಾಕರಣ ಒಂದು ಕಡೆ ಸಿಕ್ಕರೂ ಇಡೀ ಫೈಲ್ ಓಡುವುದಿಲ್ಲ. ಆ ಪುಟದಲ್ಲಿ ರೇಟು ಬರುತ್ತಿದ್ದದ್ದೇ ಜಾವಾಸ್ಕ್ರಿಪ್ಟಿನಿಂದ. ಎರಡು ಅಂಕಿ ತೋರಿಸೋಕೆ ಅದು ಯಾಕೆ ಬೇಕು ಹೇಳಿ? ರೇಟು ಪುಟದ ಮೂಲ ಬರಹವಾದ ಎಚ್‌ಟಿಎಂಎಲ್‌ನಲ್ಲೇ ಇರಲಿ, ಸ್ಕ್ರಿಪ್ಟ್ ಬಂದರೆ ಗ್ರಾಫ್ ತೋರಿಸಲಿ, ಬರದಿದ್ದರೆ ರೇಟಂತೂ ಕಾಣಲಿ.

ಇದೆಲ್ಲ ಹೇಳಿದಾಗ ಮಂಡಿಯವರು ಕೇಳಿದ್ದು, "ಅದೆಲ್ಲ ಸರಿ, ಕಣ್ಣು ಕಾಣದೋರು ನಮ್ಮ ಮಂಡಿಗೆ ಯಾರು ಬರ್ತಾರೆ?" ಬರುತ್ತಾರೆ ಅಣ್ಣಾ ಅಂದೆ. ನನ್ನ ಗೆಳೆಯನೊಬ್ಬ ಮಾಲೂರು ಕಡೆ ಶಾಲೆಯಲ್ಲಿ ಮೇಷ್ಟ್ರು, ದೃಷ್ಟಿಯಿಲ್ಲ. ಮನೆಯಲ್ಲಿ ಅಪ್ಪನದು ಟೊಮೆಟೊ ತೋಟ, ರೇಟು ನೋಡುವ ಕೆಲಸ ಇವನದೇ. ಅವನ ಫೋನಿನಲ್ಲಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಚ್ಚಿ ಪುಟ ತೆರೆದರೆ ಕೇಳಿಸಿದ್ದು "ಬಟನ್, ಬಟನ್, ಬಟನ್". ಒಂದಕ್ಕೂ ಹೆಸರಿಲ್ಲ, ಬರೀ ಐಕಾನ್. ಹಿಂದಿನ ದಿನಗಳ ರೇಟು ಫೋಟೋ ಆಗಿತ್ತು, ಅದರ ಆಲ್ಟ್ (ಚಿತ್ರದ ಬದಲಿಗೆ ಓದಿ ಹೇಳುವ ಬರಹ) ಜಾಗದಲ್ಲಿ "ಇಮೇಜ್" ಅಂತ ಮಾತ್ರ. ಪುಟವನ್ನು ತಾನೇ ಪರೀಕ್ಷಿಸುವ ಲೈಟ್‌ಹೌಸ್ ಥರದ ಟೂಲಿಗೆ ಆಲ್ಟ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಅದರಿಂದ ಒಬ್ಬ ಮನುಷ್ಯನಿಗೆ ರೇಟು ತಿಳಿಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಟೂಲ್ ಓಡಿಸಿ, ಖಂಡಿತ ಓಡಿಸಿ, ಅದಕ್ಕೇ ನಿಲ್ಲಬೇಡಿ. ಪುಟದ ಭಾಷೆ ಕನ್ನಡ ಅಂತ ಕೋಡಿನ ಲ್ಯಾಂಗ್ ಆಟ್ರಿಬ್ಯೂಟ್‌ನಲ್ಲಿ ಹೇಳಿ, ಇಲ್ಲದಿದ್ದರೆ ಇಂಗ್ಲಿಷ್ ದನಿ ಕನ್ನಡ ಓದಲು ಹೋಗಿ ತಡವರಿಸುತ್ತದೆ. ರೇಟನ್ನು ನಿಜವಾದ ಟೇಬಲ್‌ನಲ್ಲಿ ಹಾಕಿ, ತಲೆಸಾಲಿಗೆ ತಲೆಸಾಲಿನ ಟ್ಯಾಗೇ ಕೊಡಿ. ಕಂಪ್ಯೂಟರಿನಲ್ಲಿ ಕೇಳಿ ನೋಡಲು ಪರದೆ ಓದುವ ತಂತ್ರಾಂಶ ಎನ್‌ವಿಡಿಎ ಇದೆ, ದುಡ್ಡು ಕೊಡಬೇಕಿಲ್ಲ. ಮಂಡಿಯವರಿಗೆ ಕಾನೂನಿನ ಮಾತನ್ನೂ ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ, ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ಅವರು ಒಪ್ಪಿದ್ದು ಕೋರ್ಟಿಗಲ್ಲ, ಗೆಳೆಯನ ಫೋನಿನ "ಬಟನ್, ಬಟನ್" ಕೇಳಿ.

ಕೊನೆಗೆ ಉಳಿದದ್ದು ರೈತರ ನೋಂದಣಿ ಫಾರ್ಮ್. ಹೆಸರಿನ ಜಾಗಕ್ಕೆ, ಎಷ್ಟು ಅಕ್ಷರ ಹಿಡಿಯಬಹುದು ಅನ್ನುವ ಮಿತಿ, ಮ್ಯಾಕ್ಸ್‌ಲೆಂತ್ 20 ಇತ್ತು. ಇಂಗ್ಲಿಷಿಗೆ ಪರವಾಗಿಲ್ಲ. ಆದರೆ ಬ್ರೌಸರ್ ಎಣಿಸುವುದು ಕಣ್ಣಿಗೆ ಕಾಣುವ ಅಕ್ಷರವನ್ನಲ್ಲ, ಯೂನಿಕೋಡ್ ಸಂಕೇತಗಳನ್ನು. "ಲಕ್ಷ್ಮಮ್ಮ" ನಮಗೆ ಮೂರು ಅಕ್ಷರ, ಬ್ರೌಸರಿಗೆ 9. ಅದರ ಹಿಂದೆ ಊರಿನ ಹೆಸರು, ಮುಂದೆ ಗಂಡನದೋ ತಂದೆಯದೋ ಹೆಸರು ಸೇರಿದರೆ 20 ಎಲ್ಲಿ ಸಾಲುತ್ತದೆ, ಅರ್ಧಕ್ಕೇ ನಿಲ್ಲುತ್ತದೆ. ಮಿತಿ ತೆಗೆಸಿದ್ದೇನೆ. ಡೇಟಾಬೇಸಿನಲ್ಲೂ ಅದೇ 20 ಕೂತಿದೆಯಾ ಅಂತ ಈ ವಾರ ನೋಡಬೇಕು.